ಸರಾಸರಿಯಲ್ಲಿ ಕಾಣಸಿಗದ ತಾಲೂಕುಗಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಇಡೀ ಪಾತ್ರೆಯನ್ನು ಬರಿದು ಮಾಡಬೇಕಾಗಿಲ್ಲ. ಮಾದರಿ ಸಮೀಕ್ಷೆಗಳೆಲ್ಲ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಆದರೆ ಇದರಲ್ಲಿ ಒಂದು ಷರತ್ತು ಅಡಗಿದೆ. ಪಾತ್ರೆ ಒಂದೇ ಆಗಿರಬೇಕು, ಒಳಗಿನ ಅಕ್ಕಿಗೆಲ್ಲ ಒಂದೇ ಉರಿ ತಾಗಿರಬೇಕು. ಐದು ಒಲೆಗಳ ಮೇಲೆ ಐದು ಪಾತ್ರೆಗಳಿರುವಾಗ ಒಂದರಿಂದ ಅಗುಳು ತೆಗೆದು ಐದರ ಬಗ್ಗೆಯೂ ತೀರ್ಪು ಕೊಡಲು ಬರುವುದೇ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಅಂತಹ ಐದು ಪಾತ್ರೆಗಳು. ವಾಡಿ ರೈಲ್ವೆ ಜಂಕ್ಷನ್ನಿನ ಊರು, ಸಿಮೆಂಟ್ ಕಾರ್ಖಾನೆಯ ಊರು. ಶಹಾಬಾದ ತನ್ನ ಹಾಸುಗಲ್ಲಿನಿಂದ ದೇಶಕ್ಕೆಲ್ಲ ಪರಿಚಿತ. ಸೇಡಂನಲ್ಲಿ ಸುಣ್ಣಕಲ್ಲಿನ ಗಣಿಗಳ ಪಕ್ಕದಲ್ಲೇ ತೊಗರಿಯ ಹೊಲಗಳು; ಗಡಿಯಾಚೆ ತೆಲಂಗಾಣ. ಚಿಂಚೋಳಿಯಲ್ಲಿ ಕುರುಚಲು ಕಾಡು, ಚಂದ್ರಂಪಳ್ಳಿಯ ಜಲಾಶಯ, ಅಲ್ಲಲ್ಲಿ ಚದುರಿದ ಲಂಬಾಣಿ ತಾಂಡಾಗಳು. ಕಾರ್ಖಾನೆಯ ವಸತಿಗೃಹದ ಮಗು, ಕಲ್ಲುಗಣಿ ಕಾರ್ಮಿಕರ ಮಗು ಮತ್ತು ತಾಂಡಾದ ಮಗು ಓದುವ ಪಠ್ಯಪುಸ್ತಕ ಒಂದೇ ಇರಬಹುದು. ಉರಿ ಮಾತ್ರ ಒಂದೇ ಅಲ್ಲ.

ಈಗ ಶಿಕ್ಷಣಶಾಸ್ತ್ರದಲ್ಲಿ ಎಂ.ಎಡ್. ಓದುತ್ತಿರುವ ವಿದ್ಯಾರ್ಥಿಯೊಬ್ಬ ಸರಳವಾದ ಒಂದು ಪ್ರಶ್ನೆ ಹಾಕಿಕೊಂಡನೆನ್ನಿ. ಚಿಂಚೋಳಿ ತಾಲೂಕಿನಲ್ಲಿ ಮೂರನೆಯ ತರಗತಿಯ ಎಷ್ಟು ಮಕ್ಕಳು ಎರಡನೆಯ ತರಗತಿಯ ಕಥೆಯೊಂದನ್ನು ಓದಬಲ್ಲರು? ದೇಶದಲ್ಲಿ ಇಷ್ಟೆಲ್ಲ ಸಮೀಕ್ಷೆಗಳು ನಡೆದಿರುವಾಗ ಉತ್ತರ ಸುಲಭವಾಗಿ ಸಿಗಬೇಕಲ್ಲವೇ? ಹುಡುಕಿ ನೋಡೋಣ.

ದೊಡ್ಡ ಸಮೀಕ್ಷೆಗಳು ಹೇಳುವುದೇನು?

ಮೊದಲಿಗೆ, 'ಪ್ರಥಮ್' ಸಂಸ್ಥೆ 2005ರಲ್ಲಿ ಆರಂಭಿಸಿದ 'ಅಸರ್' ಸಮೀಕ್ಷೆ. (ಅಸರ್ ಎಂದರೆ ಪರಿಣಾಮ, ಕಲಬುರಗಿಯ ಕಡೆ ಈ ಮಾತಿಗೆ ಅರ್ಥ ಹೇಳಬೇಕಾಗಿಲ್ಲ.) ಸ್ವಯಂಸೇವಕರು ಮನೆಮನೆಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಅಕ್ಷರ, ಪದ, ಸಣ್ಣ ವಾಕ್ಯವೃಂದ, ಕಥೆ ಹೀಗೆ ಓದಿಸುತ್ತಾರೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮತ್ತು ಭಾಗಾಕಾರ ಮಾಡಿಸುತ್ತಾರೆ. 2024ರಲ್ಲಿ 605 ಜಿಲ್ಲೆಗಳ 17,997 ಹಳ್ಳಿಗಳಲ್ಲಿ ಸುಮಾರು ಆರೂವರೆ ಲಕ್ಷ ಮಕ್ಕಳನ್ನು ಇದು ತಲುಪಿತು. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಒಟ್ಟು 600 ಮನೆ ಎಂಬುದು ಅದರ ಲೆಕ್ಕಾಚಾರ.

ಈ ಲೆಕ್ಕವನ್ನು ನಮ್ಮ ಜಿಲ್ಲೆಗೆ ಹಚ್ಚಿ ನೋಡಿ. ಕಲಬುರಗಿ ಜಿಲ್ಲೆಯಲ್ಲಿ ಈಗ 11 ತಾಲೂಕುಗಳಿವೆ. 30 ಹಳ್ಳಿಗಳನ್ನು ಹಂಚಿದರೆ ತಾಲೂಕಿಗೆ ಮೂರು ಹಳ್ಳಿಯೂ ಪೂರ್ತಿ ಬರುವುದಿಲ್ಲ. ಮೂರು ಹಳ್ಳಿಗಳಿಂದ ಚಿಂಚೋಳಿಯ ಬಗ್ಗೆ ಏನು ಹೇಳಲು ಸಾಧ್ಯ? ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇದು ಗ್ರಾಮೀಣ ಸಮೀಕ್ಷೆ. ಆದ್ದರಿಂದ ವಾಡಿ ಮತ್ತು ಶಹಾಬಾದ ಪಟ್ಟಣಗಳ ಮಕ್ಕಳು ಇದರ ಎಣಿಕೆಯೊಳಕ್ಕೇ ಬರುವುದಿಲ್ಲ. ಇದು ಸಮೀಕ್ಷೆಯ ತಪ್ಪಲ್ಲ. ಅದು ಉತ್ತರಿಸಲು ಹೊರಟ ಪ್ರಶ್ನೆಯೇ ಬೇರೆ.

ಎರಡನೆಯದು, ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ. ಇದು 13 ನವೆಂಬರ್ 2017 ಮತ್ತು 12 ನವೆಂಬರ್ 2021ರಂದು ನಡೆಯಿತು. ಇದರ ಮುಂದುವರಿಕೆಯಾದ 'ಪರಖ್' ಸಮೀಕ್ಷೆ 4 ಡಿಸೆಂಬರ್ 2024ರಂದು 3, 6 ಮತ್ತು 9ನೆಯ ತರಗತಿಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು 781 ಜಿಲ್ಲೆಗಳಲ್ಲಿ ಪರೀಕ್ಷಿಸಿತು. ಇದರಲ್ಲಿ ಪಟ್ಟಣದ ಶಾಲೆಗಳೂ ಸೇರುತ್ತವೆ. ಆದರೆ ವರದಿ ಬರುವುದು ಜಿಲ್ಲೆಯ ಮಟ್ಟಕ್ಕೆ. ಈ ಮೂರು ದಿನಾಂಕಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೂರನೆಯದು, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ತಾಲೂಕುಗಳ ಮಾತು ಬಂದಾಗಲೆಲ್ಲ ಇಂದಿಗೂ ಎಲ್ಲರೂ ಕೈಹಾಕುವುದು ಇದಕ್ಕೇ. ಸಮಿತಿ 35 ಸೂಚಕಗಳನ್ನು ಒಟ್ಟುಗೂಡಿಸಿ 175 ತಾಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು 0.53ರಿಂದ 0.79ರವರೆಗಿನ 39 ತಾಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ಸಾಕ್ಷರತೆ, ಶಾಲೆಯಿಂದ ಹೊರಗುಳಿದ ಮಕ್ಕಳು, ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಶಿಕ್ಷಣದ ಸೂಚಕಗಳು ಅದರಲ್ಲಿದ್ದವು. ಶಾಲೆಯೊಳಗಿರುವ ಮಗು ಏನು ಕಲಿತಿದೆ ಎಂಬ ಸೂಚಕ ಇರಲಿಲ್ಲ. ಆಗ ಅಂತಹ ಅಂಕಿಅಂಶ ಇದ್ದಿದ್ದರೆ ತಾನೆ ಸೇರಿಸುವುದು!

ಅಂದಿನಿಂದ ಸಾಕಷ್ಟು ಬದಲಾಗಿದೆ. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು. ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಶಾಲೆಗಳಿಗೂ ಹರಿಯಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಹೊಸ ಸಮಿತಿಯೂ ರಚನೆಯಾಯಿತು. ಹಣ ಬಂದ ಮೇಲೆ ಕಲಿಕೆ ಏರಿತೇ ಎಂದು ಕೇಳಿದರೆ, ಹಣ ಬರುವ ಮೊದಲು ಅದು ಎಲ್ಲಿತ್ತು ಎಂಬುದು ಗೊತ್ತಿರಬೇಕು. ತಾಲೂಕಿನ ಮಟ್ಟದಲ್ಲಿ ಆ ಅಳತೆಯನ್ನು ಈ ಯಾವ ಸಮೀಕ್ಷೆಯೂ ಕೊಡುವುದಿಲ್ಲ. ಎಂ.ಎಡ್. ಪ್ರಬಂಧ ಕೈಹಾಕಬಹುದಾದ ಕೆಲಸ ಇದು.

ಹೆಚ್ಚು ಮಕ್ಕಳೋ, ಹೆಚ್ಚು ಶಾಲೆಗಳೋ?

"ಮಾದರಿಗೆ ಎಷ್ಟು ಮಕ್ಕಳನ್ನು ತೆಗೆದುಕೊಳ್ಳಲಿ, ಸರ್?" ಎನ್ನುವುದು ವಿದ್ಯಾರ್ಥಿಗಳ ಮೊದಲ ಪ್ರಶ್ನೆ. ಪಠ್ಯಪುಸ್ತಕದ ಸೂತ್ರ ಹಾಕಿದರೆ 384 ಎಂಬ ಸಂಖ್ಯೆ ಬರುತ್ತದೆ. ಫಲಿತಾಂಶದಲ್ಲಿ ಶೇ. 5ರಷ್ಟು ಆಚೀಚೆ ಆದರೆ ಅಡ್ಡಿಯಿಲ್ಲ ಎನ್ನುವವರಿಗೆ ಅಷ್ಟು ಸಾಕು. ಅದನ್ನು 400 ಮಾಡಿಕೊಂಡು, ಪರಿಚಯದ 20 ಶಾಲೆಗಳಿಂದ ತಲಾ 20 ಮಕ್ಕಳನ್ನು ಆರಿಸಿ ಕೆಲಸ ಮುಗಿಸುವ ರೂಢಿಯಿದೆ. ಇಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಲೆಕ್ಕದ ತಪ್ಪು. 384 ಎಂಬ ಸಂಖ್ಯೆ ಹೊಂದುವುದು ಮಕ್ಕಳನ್ನು ತಾಲೂಕಿನ ಎಲ್ಲೆಡೆಯಿಂದ ಒಬ್ಬೊಬ್ಬರಾಗಿ ಹೆಕ್ಕಿ ತೆಗೆದಾಗ ಮಾತ್ರ. ಒಂದೇ ಶಾಲೆಯ ಮಕ್ಕಳು ಒಂದೇ ಹೊಲದ ಜೋಳದ ತೆನೆಗಳ ಹಾಗೆ. ಅದೇ ಶಿಕ್ಷಕರು, ಅದೇ ಊರು, ಹೆಚ್ಚುಕಡಿಮೆ ಅದೇ ಮನೆಪರಿಸ್ಥಿತಿ. ಮೊದಲ ಐದು ಮಕ್ಕಳನ್ನು ಪರೀಕ್ಷಿಸಿದ ಮೇಲೆ ಆರನೆಯ ಮಗು ಹೊಸದಾಗಿ ಹೇಳುವುದು ಕಡಿಮೆ. ಈ ಹೋಲಿಕೆಯನ್ನು 0ರಿಂದ 1ರವರೆಗಿನ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಅದು 0.2 ಎಂದಿಟ್ಟುಕೊಳ್ಳೋಣ. ಶಾಲೆಗೆ 20 ಮಕ್ಕಳಾದರೆ ಒಂದು ಕಳೆದು 19, ಅದನ್ನು 0.2ರಿಂದ ಗುಣಿಸಿ 1 ಕೂಡಿಸಿದರೆ 4.8. ನಿಮ್ಮ 400 ಮಕ್ಕಳನ್ನು 4.8ರಿಂದ ಭಾಗಿಸಿ: 83! ಅಂದರೆ 400 ಮಕ್ಕಳನ್ನು ಪರೀಕ್ಷಿಸಿದರೂ ದೊರೆತ ಮಾಹಿತಿ 83 ಮಕ್ಕಳದಷ್ಟೇ. ದೋಷದ ಅಂತರ ಶೇ. 5ರ ಬದಲು ಹೆಚ್ಚುಕಡಿಮೆ ಶೇ. 11 ಆಗುತ್ತದೆ.

ಅದೇ 400 ಮಕ್ಕಳನ್ನು 40 ಶಾಲೆಗಳಿಂದ ಹತ್ತತ್ತರಂತೆ ತೆಗೆದುಕೊಂಡರೆ ಅದು 143 ಮಕ್ಕಳಿಗೆ ಸಮ, ದೋಷ ಶೇ. 8ರ ಹತ್ತಿರ. 80 ಶಾಲೆಗಳಿಂದ ಐದೈದು ಮಕ್ಕಳಾದರೆ 222ಕ್ಕೆ ಸಮ, ದೋಷ ಶೇ. 6.6. ಮಕ್ಕಳ ಸಂಖ್ಯೆ ಬದಲಾಗಿಲ್ಲ, ಬದಲಾದದ್ದು ಬಸ್ಸಿನ ಖರ್ಚು ಮಾತ್ರ. ಒಬ್ಬ ವಿದ್ಯಾರ್ಥಿಯ ಶಕ್ತಿಗೆ 40 ಶಾಲೆ ಹೊಂದಬಹುದು ಎಂದು ನನಗನ್ನಿಸುತ್ತದೆ. ನಾಲ್ಕೈದು ಸಹಪಾಠಿಗಳು ಕೂಡಿ ತಲಾ ಒಂದು ತಾಲೂಕು ಹಂಚಿಕೊಂಡು, ಒಂದೇ ಪರೀಕ್ಷಾ ಪತ್ರಿಕೆ ಬಳಸಿದರೆ ಇನ್ನೂ ಒಳ್ಳೆಯದು.

ರೈಲು ಹಳಿಯ ಪಕ್ಕದ ಮಾದರಿ

ಎರಡನೆಯ ತಪ್ಪು 'ಪರಿಚಯದ ಶಾಲೆ' ಎಂಬುದರಲ್ಲಿದೆ. ನಕ್ಷೆ ತೆಗೆದು ನೋಡಿ. ಕಲಬುರಗಿಯಿಂದ ವಾಡಿಗೆ ಹೋಗುವ ಹಳಿಯ ಮೇಲೆ ಶಹಾಬಾದ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ಮಾರ್ಗದ ಮೇಲೆ ಚಿತ್ತಾಪುರ, ಮಳಖೇಡ, ಸೇಡಂ. ಚಿಂಚೋಳಿಗೆ ರೈಲಿಲ್ಲ. ಬೆಳಿಗ್ಗೆ ಕಲಬುರಗಿಯಿಂದ ಹೊರಟು ಸಂಜೆಗೆ ವಸತಿನಿಲಯ ಸೇರಬೇಕಾದ ವಿದ್ಯಾರ್ಥಿ ಯಾವ ಶಾಲೆಗಳನ್ನು ಆರಿಸುತ್ತಾನೆ? ನಿಲ್ದಾಣದಿಂದ ನಡೆದು ಹೋಗಬಹುದಾದವನ್ನು. ನಾನು ಓದಿದ ಪ್ರಬಂಧಗಳಲ್ಲಿ ಇಂಥವು ಒಂದೆರಡಲ್ಲ. ರಸ್ತೆ ಮುಗಿದ ಮೇಲೂ ಎರಡು ಕಿಲೋಮೀಟರ್ ನಡೆಯಬೇಕಾದ ತಾಂಡಾದ ಏಕೋಪಾಧ್ಯಾಯ ಶಾಲೆ ಪ್ರಬಂಧದಲ್ಲಿ ಬರುವುದೇ ಇಲ್ಲ. ಆದರೂ ಶೀರ್ಷಿಕೆ ಮಾತ್ರ 'ಕಲಬುರಗಿ ಜಿಲ್ಲೆಯ ಪ್ರಾಥಮಿಕ ಶಾಲೆಗಳು' ಎಂದೇ ಇರುತ್ತದೆ!

ತಾವಾಗಿಯೇ ಮುಂದೆ ಬರುವ ಶಾಲೆಗಳದ್ದೂ ಇದೇ ಕಥೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2002ರಿಂದ ಕೆಲವು ವರ್ಷ ಈಶಾನ್ಯ ಕರ್ನಾಟಕದಲ್ಲಿ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿ ಶಾಲೆಗಳು ಸ್ವಇಚ್ಛೆಯಿಂದ ಭಾಗವಹಿಸುತ್ತಿದ್ದವು. ಶಿಕ್ಷಕರಿಗೆ ಉತ್ಸಾಹ ತುಂಬಲು ಅದು ಒಳ್ಳೆಯ ದಾರಿಯೇ ಸರಿ. ಆದರೆ ಪರೀಕ್ಷೆಗೆ ತಾನಾಗಿ ಬಂದ ಶಾಲೆಯ ಅಂಕದಿಂದ ಬಾರದ ಶಾಲೆಯನ್ನು ಊಹಿಸುವುದು ಸಾಧ್ಯವಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಇಲ್ಲಿ ಸೇಡಂ ತಾಲೂಕಿನವರಿಗೆ ಒಂದು ಹೆಮ್ಮೆಯ ವಿಷಯವಿದೆ. ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನನ್ನು ಸ್ಮರಿಸಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ಒಂದು ಗುಂಪಿನಿಂದ ಇಂತಿಷ್ಟು ವಸ್ತುಗಳನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಅದರಲ್ಲಿದೆ. ಆರು ರಸಗಳ ಮಿಶ್ರಣ ಆತ ಕೊಡುವ ಉದಾಹರಣೆ. ಆರರಲ್ಲಿ ಮೂರನ್ನು 20 ಬಗೆಯಲ್ಲಿ ಆರಿಸಬಹುದು. ರಸಗಳ ಜಾಗದಲ್ಲಿ ಆರು ಶಾಲೆಗಳನ್ನಿಡಿ. ಆ 20 ಜೋಡಣೆಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶ ಸಿಗುವಂತೆ ಆರಿಸಿದರೆ ಅದೇ ಯಾದೃಚ್ಛಿಕ ಮಾದರಿ. ಯಾರ ಪರಿಚಯವೂ, ಯಾವ ರೈಲಿನ ವೇಳೆಯೂ ಅಲ್ಲಿ ಲೆಕ್ಕಕ್ಕಿಲ್ಲ.

ಕೆಲಸದಲ್ಲಿ ಇದಕ್ಕಿಂತ ಸುಲಭದ ವಿಧಾನವೂ ಇದೆ. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ತಾಲೂಕಿನ ಶಾಲೆಗಳನ್ನು ಆ ಸಂಖ್ಯೆಯ ಕ್ರಮದಲ್ಲಿ ಬರೆದುಕೊಳ್ಳಿ. ಪಟ್ಟಿಯಲ್ಲಿ 240 ಶಾಲೆಗಳಿದ್ದು 40 ಬೇಕಾದರೆ ಆರಕ್ಕೊಂದು. 1ರಿಂದ 6ರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 4 ಬಂದರೆ 4, 10, 16 ಹೀಗೆ ಮುಂದುವರಿಯಿರಿ. ಪಟ್ಟಿಯಲ್ಲಿ ಬಂದ ಶಾಲೆ ದೂರವಾಯಿತೆಂದು ಹತ್ತಿರದ್ದಕ್ಕೆ ಬದಲಾಯಿಸಬಾರದು. ಬದಲಾಯಿಸಿದರೆ ಮಾಡಿದ್ದೆಲ್ಲ ವ್ಯರ್ಥ. ತರಗತಿಯ 10 ಮಕ್ಕಳಲ್ಲಿ ಹತ್ತೂ ಮಕ್ಕಳನ್ನು ತೆಗೆದುಕೊಂಡ ಶಾಲೆಗೂ, 40 ಮಕ್ಕಳಲ್ಲಿ ಹತ್ತನ್ನು ತೆಗೆದುಕೊಂಡ ಶಾಲೆಗೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಒಂದೊಂದು ಮಗುವೂ ನಾಲ್ವರ ಪ್ರತಿನಿಧಿ. ಸರಾಸರಿ ತೆಗೆಯುವಾಗ ಆ ತೂಕ ಕೊಡಬೇಕು.

ಹಾಜರಿ ಪುಸ್ತಕದ ಕೆಂಪು ಗುರುತು

ಈಗ ಆ ದಿನಾಂಕಗಳ ವಿಚಾರ. ಮೂರೂ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ. ಹಬ್ಬ ಕಳೆದ ಮೇಲೆ ಗುಳೆ ಹೋಗುವ ಕುಟುಂಬಗಳು ಹೈದರಾಬಾದ್, ಮುಂಬೈ, ಪುಣೆಗಳ ಕಡೆಗೆ ಹೊರಡುವ ಕಾಲವದು. ಊರಲ್ಲಿ ಉಳಿದವರಿಗೆ ತೊಗರಿ ರಾಶಿಯ ಕಾಲ ಹತ್ತಿರವಾಗಿರುತ್ತದೆ. ಶಾಲೆಯಲ್ಲಿ ನಡೆಯುವ ಪರೀಕ್ಷೆ ಆ ದಿನ ಹಾಜರಿದ್ದ ಮಗುವನ್ನಷ್ಟೇ ಅಳೆಯುತ್ತದೆ. ತಂದೆತಾಯಿಯ ಜೊತೆ ಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದೆ, ಅದರ ಮುಂದೆ ಕೆಂಪು ಶಾಯಿಯ ಗುರುತಿದೆ, ಫಲಿತಾಂಶದಲ್ಲಿ ಅದು ಇಲ್ಲ. ಹೀಗೆ ಕಲಿಕೆಯಲ್ಲಿ ಬಹುಶಃ ಎಲ್ಲರಿಗಿಂತ ಹಿಂದುಳಿದ ಮಗುವೇ ಹೊರಗುಳಿದು ಸರಾಸರಿ ಮೇಲೇರುತ್ತದೆ!

ಆದ್ದರಿಂದ ಮಕ್ಕಳನ್ನು ಆರಿಸುವಾಗ ಎದುರಿಗೆ ಕುಳಿತವರಿಂದಲ್ಲ, ದಾಖಲಾತಿ ಪುಸ್ತಕದ ಹೆಸರುಗಳಿಂದ ಆರಿಸಿ. ಗೈರುಹಾಜರಾದವರಿಗಾಗಿ ಇನ್ನೊಂದು ದಿನ ಹೋಗಿ. ಆಗಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ದಾಖಲಿಸಿ. ಆ ಸಂಖ್ಯೆಯೂ ಒಂದು ಫಲಿತಾಂಶವೇ. ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಹಾಜರಿಯನ್ನು ಹೋಲಿಸಿ ನೋಡಿದರೆ ಅದೇ ಒಂದು ಪ್ರಬಂಧಕ್ಕಾಗುವಷ್ಟು ವಿಷಯ.

ಭಾಷೆಯ ವಿಚಾರದಲ್ಲೂ ಎಚ್ಚರ ಬೇಕು. ತಾಂಡಾದ ಮಗುವಿಗೆ ತಾಯಿ 'ಯಾಡಿ', ನೀರು 'ಪಾಣಿ'. ವಾಡಿಯ ಒಂದೇ ಬೀದಿಯಲ್ಲಿ ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಕನ್ನಡದ ಕಥೆಯನ್ನು ತಡವರಿಸದೆ ಓದಿದ ಮಗು ಕಥೆಯಲ್ಲಿ ಏನಾಯಿತೆಂದು ಕೇಳಿದಾಗ ಸುಮ್ಮನಾಗಬಹುದು. ಓದಲು ಬಾರದ ಮಗು ಅದೇ ಕಥೆಯನ್ನು ಕೇಳಿಸಿಕೊಂಡು ತನ್ನ ಮಾತಿನಲ್ಲಿ ಚೆನ್ನಾಗಿ ಹೇಳಬಹುದು. ಇವೆರಡಕ್ಕೂ ಒಂದೇ ಅಂಕ ಕೊಡುವ ಪತ್ರಿಕೆ ಏನನ್ನು ಅಳೆಯಿತು? ಮನೆಮಾತು ಯಾವುದೆಂದು ಮೊದಲೇ ಬರೆದುಕೊಳ್ಳಿ. ಓದುವುದಕ್ಕೂ ಅರ್ಥಮಾಡಿಕೊಳ್ಳುವುದಕ್ಕೂ ಬೇರೆ ಬೇರೆ ಗುರುತು ಇಡಿ. ಮಕ್ಕಳ ಹೆಸರಾಗಲಿ ಶಾಲೆಯ ಹೆಸರಾಗಲಿ ಪ್ರಬಂಧದಲ್ಲಿ ಬರಬಾರದು, ಪೋಷಕರ ಒಪ್ಪಿಗೆ ಇಲ್ಲದೆ ಪರೀಕ್ಷೆಯೂ ನಡೆಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಅಂಕಿಗಳೊಡನೆ ಹೋಲಿಸುವವರು ಗಡಿಗಳನ್ನು ಗಮನಿಸಬೇಕು. 2001ರ ಜನಗಣತಿಯ 'ಗುಲ್ಬರ್ಗಾ ಜಿಲ್ಲೆ'ಯಲ್ಲಿ ಇಂದಿನ ಯಾದಗಿರಿಯೂ ಸೇರಿತ್ತು. ಅದು ಬೇರೆಯಾದದ್ದು 2009ರ ಕೊನೆಗೆ. ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ. 64.85 (ರಾಜ್ಯದ್ದು ಶೇ. 75.36) ಎನ್ನುವಾಗ ಯಾದಗಿರಿ ಅದರಲ್ಲಿಲ್ಲ. ನಂಜುಂಡಪ್ಪ ವರದಿಯ ಚಿತ್ತಾಪುರ ತಾಲೂಕಿನೊಳಗೆ ಶಹಾಬಾದವೂ ಇತ್ತು. 2018ರಲ್ಲಿ ಶಹಾಬಾದ ಮತ್ತು ಕಾಳಗಿ ಹೊಸ ತಾಲೂಕುಗಳಾದವು. ವಾಡಿ ಚಿತ್ತಾಪುರದಲ್ಲೇ ಉಳಿಯಿತು. ಅಂದಿನ ಚಿತ್ತಾಪುರವನ್ನು ಇಂದಿನ ಚಿತ್ತಾಪುರದೊಡನೆ ಹೋಲಿಸಿ 'ಏರಿತು', 'ಇಳಿಯಿತು' ಎನ್ನುವ ಮೊದಲು ಹಳ್ಳಿಗಳ ಪಟ್ಟಿಯನ್ನು ಹೊಂದಿಸಿಕೊಳ್ಳಬೇಕು.

ಈ ವಿಷಯದ ಮೇಲೆ ಹಿಂದೆ ಯಾರು ಕೆಲಸ ಮಾಡಿದ್ದಾರೆಂದು ತಿಳಿಯಲು ಈಗ ಗ್ರಂಥಾಲಯದ ಕಪಾಟುಗಳನ್ನೇ ತಡಕಬೇಕಾಗಿಲ್ಲ. ದೇಶದ ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಂದೆಡೆ ಸೇರಿಸಿರುವ 'ಶೋಧಗಂಗಾ' ಭಂಡಾರವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ವಿಜ್ಞಾನ ಮತ್ತು ಗಣಿತ ಬೋಧನೆಯಲ್ಲಿ ಸಂಶೋಧನೆ ಮಾಡುವವರು ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಆರಂಭಿಸಿದ 'ಎಪಿಸ್ಟೀಮ್' ಸಮ್ಮೇಳನಗಳ ಪ್ರಬಂಧಗಳನ್ನು ಓದಿದರೆ, ಪರೀಕ್ಷಾ ಪತ್ರಿಕೆಯನ್ನು ಹೇಗೆ ರೂಪಿಸುತ್ತಾರೆಂಬ ಅಂದಾಜು ಸಿಗುತ್ತದೆ. ಎಂ.ಎಡ್. 2015ರಿಂದ ಎರಡು ವರ್ಷದ ಕೋರ್ಸಾಗಿರುವುದರಿಂದ ಪ್ರಬಂಧಕ್ಕೆ ಮೊದಲಿಗಿಂತ ಸಮಯವೂ ಇದೆ. ಮೊದಲ ವರ್ಷದ ಮಳೆಗಾಲದಲ್ಲಿ ಶಾಲೆಗಳ ಪಟ್ಟಿ ಮಾಡಿ ಚೀಟಿ ಎತ್ತಿದರೆ, ತೊಗರಿ ರಾಶಿಗೆ ಮೊದಲು ಚಿಂಚೋಳಿಯ ಬಸ್ಸು ಹಿಡಿಯಬಹುದು.