ವಾಲಿಯ ಪ್ರಶ್ನೆ, ರಾಮನ ಉತ್ತರ

ಭಾಷಣ ಕಲಿಯಬೇಕೆಂದರೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು ಎನ್ನುವುದು ಹಳೆಯ ಉಪದೇಶ. ಕನ್ನಡಿ ಮರುಪ್ರಶ್ನೆ ಹಾಕುವುದಿಲ್ಲ, ತೊಡಕಿರುವುದೇ ಅಲ್ಲಿ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆ ಮರುಪ್ರಶ್ನೆಯ ಮೇಲೆಯೇ ನಿಂತಿರುವ ಕಲೆಯೊಂದಿದೆ: ತಾಳಮದ್ದಳೆ.

ಪ್ರಸಂಗ ಯಕ್ಷಗಾನದ್ದೇ. ಬಣ್ಣ, ಕಿರೀಟ, ಕುಣಿತ ಮಾತ್ರ ಇಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಆ ಕ್ಷಣಕ್ಕೆ ಕೌರವನಾಗಿಯೋ ಕೃಷ್ಣನಾಗಿಯೋ ಮಾತು ತೆಗೆಯಬೇಕು. ಪದ್ಯ ಪ್ರಸಂಗದ ಪುಸ್ತಕದಲ್ಲಿದೆ, ಆಡುವ ಮಾತು ಎಲ್ಲಿಯೂ ಇಲ್ಲ. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಬರುವ ಮಳೆಗಾಲವೇ ಈ ಕೂಟಗಳ ಸುಗ್ಗಿ.

ವಾಲಿವಧೆಯ ಸಂದರ್ಭವನ್ನೇ ನೋಡಿ. ಮರೆಯಿಂದ ಬಂದ ಬಾಣ ತಾಗಿ ವಾಲಿ ಬಿದ್ದಿದ್ದಾನೆ. ಇನ್ನೊಬ್ಬನೊಡನೆ ಹೋರಾಡುತ್ತಿದ್ದ ನನ್ನನ್ನು ಅಡಗಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಮುಖ್ಯವಾದವು ಮೂರು: ಭೂಮಿ ಭರತನ ಆಳ್ವಿಕೆಗೆ ಸೇರಿದ್ದು, ತಪ್ಪಿತಸ್ಥರನ್ನು ದಂಡಿಸುವ ಹೊಣೆ ನಮ್ಮದು; ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ; ನೀನು ಕಪಿ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ಕ್ಷತ್ರಿಯರಿಗೆ ದೋಷವಲ್ಲ.

ಚುರುಕಿನ ವಾಲಿ ಇಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಒಂದಕ್ಕೊಂದು ಢಿಕ್ಕಿ ಹೊಡೆಸಬಲ್ಲ. ನಾನು ಮೃಗವಾದರೆ ತಮ್ಮನ ಹೆಂಡತಿಯನ್ನು ಮುಟ್ಟಬಾರದು ಎಂಬ ಮನುಷ್ಯರ ನೀತಿಯನ್ನು ನನ್ನ ಮೇಲೇಕೆ ಹೇರುತ್ತೀ? ಆ ನೀತಿ ನನಗೂ ಅನ್ವಯ ಎನ್ನುವುದಾದರೆ ನನ್ನನ್ನು ಮೃಗದಂತೆ ಹೊಡೆದದ್ದೇಕೆ? ರಾಮನ ಅರ್ಥಧಾರಿಗೆ ಈಗ ನಿಜವಾದ ಕಷ್ಟ. ಬೇಟೆಯ ವಾದವನ್ನು ಕೈಬಿಟ್ಟು, ರಾಜ್ಯ ಕಟ್ಟಿ ಆಳಿದವನು ರಾಜಧರ್ಮಕ್ಕೆ ತಲೆಬಾಗಲೇಬೇಕು ಎಂಬ ನೆಲೆಯಲ್ಲಿ ನಿಲ್ಲಬಹುದು. ಸುಗ್ರೀವನಿಗೆ ಕೊಟ್ಟ ವಚನವನ್ನು ಮುಂದಿಡಬಹುದು. ಯಾವ ದಾರಿ ಹಿಡಿದರೂ ವಾಲಿ ಆಡಿದ ಮಾತನ್ನು ಪೂರ್ತಿ ಕೇಳಿಸಿಕೊಂಡಿರಬೇಕು. ಮನೆಯಿಂದ ಬಾಯಿಪಾಠ ಮಾಡಿ ತಂದವನು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರುತ್ತಾನೆ; ಸಭೆಗೆ ಅದು ತಕ್ಷಣ ಗೊತ್ತಾಗುತ್ತದೆ.

ಕಥೆಯಂತೂ ಬದಲಾಗುವುದಿಲ್ಲ. ವಾಲಿ ಎಷ್ಟು ಗೆದ್ದರೂ ಕೊನೆಗೆ ರಾಮನಿಗೆ ಶರಣಾಗಿ ಸಾಯಲೇಬೇಕು, ಸಂಧಾನದಲ್ಲಿ ಕೃಷ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಕೌರವ ಒಪ್ಪಕೂಡದು. ಆದ್ದರಿಂದ ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನೂ ಪ್ರಾಮಾಣಿಕವಾಗಿ ಸಮರ್ಥಿಸುವ ಅಭ್ಯಾಸ ಅರ್ಥಧಾರಿಗೆ ತಾನಾಗಿ ಆಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಿದ ಹಿರಿಯರು ಇಂದಿಗೂ ಆ ವಾದಗಳನ್ನು ನೆನೆಯುತ್ತಾರೆ. ಇನ್ನೊಬ್ಬ ಪ್ರಸಿದ್ಧ ಅರ್ಥಧಾರಿ ಕುಂಬ್ಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್‌ನಿಂದ ಶಾಸಕರಾಗಿ ವಿಧಾನಸಭೆಗೂ ಹೋದರು.

ಬೆಂಗಳೂರಿನ ಕಂಪನಿಗಳಲ್ಲಿ ಕಾಣುವ, ಭಾಷಣ ಕಲಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಮೂಲ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಕಟ್ಟಿದ ಕೂಟ. ಅಲ್ಲಿ ಹಸಿರು, ಹಳದಿ, ಕೆಂಪು ದೀಪಗಳು ಸಮಯ ಹೇಳುತ್ತವೆ, ‘ಅ...’ ‘ಮ್...’ ಎಂದು ಎಳೆದದ್ದನ್ನು ಎಣಿಸಲು ಒಬ್ಬರು ಇರುತ್ತಾರೆ. ಈ ಶಿಸ್ತು ನಮ್ಮ ಕೂಟಗಳಿಗೂ ಬೇಕು, ನಿಜಕ್ಕೂ ಬೇಕು. ಪೀಠಿಕೆಯನ್ನೇ ಎಳೆದೆಳೆದು ಭಾಗವತರಿಗೆ ನಿದ್ದೆ ತರಿಸುವ ಅರ್ಥಧಾರಿಗಳಿದ್ದಾರೆ. ಚಪ್ಪಾಳೆಗಾಗಿ ಪಾತ್ರ ಬಿಟ್ಟು ಎದುರು ಕುಳಿತವರನ್ನೇ ಚುಚ್ಚುವವರೂ ಇದ್ದಾರೆ. ಆದರೆ ಒಬ್ಬನೇ ನಿಂತು ಐದೇಳು ನಿಮಿಷ ಮಾತಾಡುವುದಕ್ಕಿಂತ, ಪಟ್ಟು ಹಾಕಿ ಕುಳಿತ ಎದುರಾಳಿಗೆ ಉತ್ತರ ಹೇಳುವುದು ದೊಡ್ಡ ವಿದ್ಯೆ ಎಂಬುದು ನನ್ನ ಅಭಿಪ್ರಾಯ.

ಹೊಸಬರು ಮೊದಲ ದಿನವೇ ಕೃಷ್ಣನಾಗುವುದಿಲ್ಲ. ದೂತನದೋ ಸಖನದೋ ಎರಡು ಪದ್ಯದ ಪಾತ್ರ ಸಿಗುತ್ತದೆ. ಮಿಕ್ಕ ಹೊತ್ತು ಹಿರಿಯರ ಮಾತು ಕೇಳುತ್ತಾ ಕೂರುವುದೇ ಪಾಠ.

ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ವಾಲಿಯ ಒಂದು ಪ್ರಶ್ನೆ ಮುಗಿದಲ್ಲಿ ನಿಲ್ಲಿಸಿ, ರಾಮನಾಗಿ ನೀವೇ ಉತ್ತರ ಹೇಳಿ ನೋಡಿ. ಆಮೇಲೆ ಮುಂದಿನದನ್ನು ಕೇಳಿ.