ಘಟ್ಟವಿಳಿಯುವ ವಿದ್ಯೆ

ಶಿರಾಡಿ ಘಟ್ಟದಲ್ಲಿ ಸರಕು ತುಂಬಿದ ಲಾರಿಯ ಹಿಂದೆ ಪಯಣಿಸಿದವರಿಗೆ ಈ ಅನುಭವ ಹೊಸತಲ್ಲ. ಇಳಿಜಾರಿನಲ್ಲಿಯೂ ಲಾರಿಯ ಎಂಜಿನ್ ಮೊರೆಯುತ್ತಿರುತ್ತದೆ. ಲಾರಿ ಮಾತ್ರ ಎತ್ತಿನ ಗಾಡಿಯಂತೆ ಸಾಗುತ್ತದೆ. ಹಿಂದಿನ ಕಾರಿನವರು ಬೇಸತ್ತು ಹಾರನ್ ಬಾರಿಸುತ್ತಾರೆ. ಆದರೆ ಆ ಚಾಲಕನು ಆಚರಿಸುತ್ತಿರುವುದು ಭೌತಶಾಸ್ತ್ರದ ಒಂದು ಲೆಕ್ಕವನ್ನೇ.

ಲಾರಿಯ ಒಟ್ಟು ತೂಕ 16 ಟನ್, ಇಳಿಯಬೇಕಾದ ಎತ್ತರ 500 ಮೀಟರ್ ಎಂದಿಟ್ಟುಕೊಳ್ಳೋಣ. ಮೇಲಿರುವಾಗ ಲಾರಿಯಲ್ಲಿ ಅಡಗಿರುವ ಪ್ರಚ್ಛನ್ನ ಶಕ್ತಿ ಸುಮಾರು 7 ಕೋಟಿ 84 ಲಕ್ಷ ಜೂಲ್. ವೇಗ ಹೆಚ್ಚಬಾರದೆಂದರೆ ಇದೆಲ್ಲವೂ ಉಷ್ಣವಾಗಿ ಹೊರಹೋಗಬೇಕು. ಸುಮಾರು 250 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಉಷ್ಣ ಸಾಕು! ಗಾಳಿಯ ತಡೆಯೂ ಟೈರುಗಳ ಉರುಳುವಿಕೆಯೂ ಒಂದು ಭಾಗವನ್ನು ಕಳೆಯುತ್ತವೆ. ಉಳಿದುದನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗ್ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಆಗ ಎಷ್ಟು ತುಳಿದರೂ ಲಾರಿ ನಿಲ್ಲದು. ಬ್ರೇಕು ಮುರಿದಿರುವುದಿಲ್ಲ, ಕಾದಿರುತ್ತದೆ, ಅಷ್ಟೆ.

ಕೆಳಗಿನ ಗೇರಿನಲ್ಲಿ ಇಳಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಅದರೊಳಗಿನ ಘರ್ಷಣೆ, ಗಾಳಿಯನ್ನು ಸೆಳೆದು ಹೊರದೂಡುವ ಶ್ರಮ, ಎರಡೂ ಸೇರಿ ಲಾರಿಯನ್ನು ಹಿಡಿದೆಳೆಯುತ್ತವೆ. ಉಷ್ಣವು ರೇಡಿಯೇಟರು ಮತ್ತು ಹೊಗೆಕೊಳವೆಯ ಮೂಲಕ ಹೊರಬೀಳುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವನು ಈ ನೆರವನ್ನೇ ಕೈಬಿಡುತ್ತಾನೆ. ಅವನ ಉಳಿತಾಯವೂ ಭ್ರಮೆಯೇ: ಇಂದಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವಾಗಿಯೇ ನಿಲ್ಲಿಸುತ್ತವೆ.

ಇಂತಹ ವಾಹನವನ್ನು ಯಾರ ಕೈಗೆ ಕೊಡಬೇಕು? 1988ರ ಮೋಟಾರು ವಾಹನ ಅಧಿನಿಯಮದಂತೆ ಸಾರಿಗೆ ವಾಹನದ ಚಾಲಕನಿಗೆ 20 ವರ್ಷ ತುಂಬಿರಬೇಕು. ಕಲಿಯತೊಡಗುವ ಮೊದಲೇ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತು. ಅದು ಸರಿಯೆಂದೇ ನನ್ನ ಭಾವನೆ. ಕ್ಲೀನರನಾಗಿ ಸೇರಿ, ಹಿರಿಯ ಚಾಲಕನ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಘಟ್ಟವಿಳಿದವನ ಮೂಗಿಗೆ ಕಾದ ಲೈನಿಂಗಿನ ವಾಸನೆ ಒಡನೆಯೇ ತಿಳಿಯುತ್ತದೆ. ಅದರ ಕಾರಣವನ್ನು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಭಾರಿ ವಾಹನದ ತರಬೇತಿ 6 ವಾರಗಳಲ್ಲಿ 38 ಗಂಟೆ. ಪಾಠವೂ ಅಭ್ಯಾಸವೂ ಅದರಲ್ಲಿಯೇ ಸೇರಿವೆ. ಚಾಲನೆಯನ್ನು ಅನುಕರಿಸುವ ಸಿಮ್ಯುಲೇಟರ್ ಯಂತ್ರವೂ ಅಲ್ಲಿರಬೇಕು. ಅದರ ಪರದೆಯ ಮೇಲೆ ಮಳೆಯನ್ನೂ ತಿರುವನ್ನೂ ಮೂಡಿಸಬಹುದು. ಆ ವಾಸನೆಯನ್ನು ಮೂಡಿಸಲಾಗದು. ಇಲ್ಲಿ ತೇರ್ಗಡೆಯಾದವನಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿಯುಂಟು. ಘಟ್ಟದ ಪಾಠವು ಆ 38 ಗಂಟೆಗಳಲ್ಲಿ ತಪ್ಪಿಹೋದರೆ, ಲೈಸೆನ್ಸ್ ಕೈಸೇರುವ ಮುನ್ನ ಅದನ್ನು ಮತ್ತೆ ಕೇಳುವವರಿಲ್ಲ.