ನೀರು ಕೇಳದ ಲಾನು ಚಾಕರಿ ಕೇಳುತ್ತೆ!

ದಾವಣಗೆರೆ: "ನೀರು ಬ್ಯಾಡ, ಗೊಬ್ಬರ ಬ್ಯಾಡ, ಮಾಲಿ ಬ್ಯಾಡ. ಒಂದ್ಸಲ ಹಾಸಿಬಿಟ್ರೆ ಮುಗೀತ್ರಿ, ಹತ್ತು ವರ್ಷ ಆ ಕಡೆ ತಿರುಗಿ ನೋಡಂಗಿಲ್ಲ."

ಪ್ಲಾಸ್ಟಿಕ್ ಹುಲ್ಲು ಮಾರುವ ಅಂಗಡಿಗಳಲ್ಲಿ ಗಿರಾಕಿಗೆ ಮೊದಲು ಸಿಗುವುದು ಈ ಮಾತು. ಚಾಪೆ ಸಿಗುವುದು ಆಮೇಲೆ. ಮಾತಿನಲ್ಲಿ ಮುಕ್ಕಾಲು ಪಾಲು ನಿಜವೇ. ಮಿಕ್ಕ ಕಾಲು ಪಾಲು ಗೊತ್ತಾಗಬೇಕಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಬೇಕು. ನಿಂತವರು ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆಯಂಥ ಕಡೆ ಮನೆ ಮುಂದಿನ ಹತ್ತಡಿ ಜಾಗಕ್ಕೆ, ತಾರಸಿಗೆ, ಬಾಲ್ಕನಿಗೆ ಹಸಿರು ಚಾಪೆ ಹಾಸಿಸುವ ಆಸೆಗೆ ಕಾರಣ ಶೋಕಿ ಒಂದೇ ಅಲ್ಲ. ನೀರು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತ ಎಂದು ಸಾರಿತ್ತು. ಮಾರನೇ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತು. ನಲ್ಲಿ ನೀರಿಗೆ ದಿನ ಎಣಿಸುವ ಸಂಸಾರಸ್ಥರು ಹುಲ್ಲಿಗೆ ಎಲ್ಲಿಂದ ತಂದು ಹೊಯ್ಯಬೇಕು ಸ್ವಾಮಿ? ಹೀಗಾಗಿ ನೀರು ಕೇಳದ ಹುಲ್ಲು ಅಂದರೆ ಯಾರಿಗಾದರೂ ಕಿವಿ ನೆಟ್ಟಗಾಗುವುದು ಸಹಜ.

ಇದರ ಹುಟ್ಟೂರು ಅಮೆರಿಕ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಮಾಡು ಹೊದಿಸಿದ ಭಾರೀ ಕ್ರೀಡಾಂಗಣವೊಂದನ್ನು ಕಟ್ಟಿದರು. ಮಾಡಿನ ಪಾರದರ್ಶಕ ಹಲಗೆಗಳಿಂದ ಇಳಿಯುವ ಬಿಸಿಲಿನ ಝಳಕ್ಕೆ ಆಟಗಾರರಿಗೆ ಚೆಂಡೇ ಕಾಣದೆ ಆ ಹಲಗೆಗಳಿಗೆ ಬಣ್ಣ ಬಳಿದರು. ಬಿಸಿಲು ನಿಂತಿತು, ಕೆಳಗಿನ ಹುಲ್ಲು ಸತ್ತಿತು. ಮರುವರ್ಷ ಅಲ್ಲಿ ನೈಲಾನ್ ಹುಲ್ಲು ಬಂತು. ಅಂದರೆ ಈ ಪದಾರ್ಥ ಹೆಸರು ಮಾಡಿದ್ದೇ ಬಿಸಿಲು ಸಾಲದ ಜಾಗದಲ್ಲಿ! ಅದನ್ನು ತಂದು ಮಧ್ಯ ಕರ್ನಾಟಕದ ತಾರಸಿಯ ಮೇಲೆ ಹಾಸಿದ್ದು ನಮ್ಮ ಜಾಣತನ.

ಕಾಲು ಸುಡುವ ಲೆಕ್ಕ

ಜೀವಂತ ಹುಲ್ಲು ಬೇರಿನಿಂದ ನೀರು ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ನಾವು ಬೆವತು ತಣ್ಣಗಾಗುವ ಹಾಗೆ. ಪ್ಲಾಸ್ಟಿಕ್ ಬೆವರುವುದಿಲ್ಲ. ಬಿದ್ದ ಬಿಸಿಲನ್ನೆಲ್ಲ ನುಂಗಿ ಕಾವಲಿಯ ಹಾಗೆ ಕಾಯುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಅದರ ಬಿಸಿ 60 ಡಿಗ್ರಿ ದಾಟುವುದು ಮಾಮೂಲು.

ಹಾಗಾದರೆ ಒಂದು ಬಕೀಟು ನೀರು ಹೊಯ್ದರಾಯ್ತಲ್ಲ ಎನ್ನುವವರಿಗೆ ಅಮೆರಿಕದ ಯೂಟಾ ರಾಜ್ಯದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಮೈದಾನದಲ್ಲಿ ಅಳೆದು ಉತ್ತರ ಹೇಳಿದ್ದಾರೆ. ಸುಮಾರು 79 ಡಿಗ್ರಿ ಕಾದಿದ್ದ ಪ್ಲಾಸ್ಟಿಕ್ ಹುಲ್ಲು ನೀರು ಹಾಯಿಸಿದಾಗ 29ಕ್ಕೆ ಇಳಿಯಿತು. ಐದೇ ನಿಮಿಷಕ್ಕೆ 49ಕ್ಕೆ ಏರಿತು. ಇಪ್ಪತ್ತು ನಿಮಿಷಕ್ಕೆ 73! ನೀರು ಉಳಿಸಲು ತಂದ ಹುಲ್ಲಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಹೊಯ್ಯುತ್ತ ಕೂರಲು ಯಾವ ಮನೆಯಲ್ಲಿ ಆಳಿದ್ದಾರೆ?

ಗಟ್ಟಿ ಕಾಲಿನ ಯಜಮಾನರು ಹಾರಿ ಆಚೆ ಬರುತ್ತಾರೆ, ಬಿಡಿ. ಅಂಬೆಗಾಲಿಕ್ಕುವ ಕೂಸು ಏನು ಮಾಡಬೇಕು? ಇನ್ನೂ ಕಷ್ಟ ಸಕ್ಕರೆ ಕಾಯಿಲೆಯ ಹಿರಿಯರದು. ಆ ಕಾಯಿಲೆ ಹಳೆಯದಾದರೆ ಅನೇಕರಿಗೆ ಪಾದದ ಸ್ಪರ್ಶ ಕುಂದುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗದು, ಸುಟ್ಟರೂ ಗೊತ್ತಾಗದು. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ತಂಪು ಎಂದು ನಂಬಿದ ಅಜ್ಜಿ, ಒಣಹಾಕಿದ ಹಪ್ಪಳ ತರಲು ಮಧ್ಯಾಹ್ನ ತಾರಸಿಗೆ ಹೋಗಿ ಬರುತ್ತಾರೆ. ಸಂಜೆ ಯಾರೋ ಕೇಳುತ್ತಾರೆ: "ಅಮ್ಮಾ, ಅಂಗಾಲಿಗೆ ಏನಾತು? ಬೊಬ್ಬೆ ಎದ್ದಾವಲ್ಲ!" ಅಲ್ಲಿಯವರೆಗೆ ಅಜ್ಜಿಗೇ ತಿಳಿದಿರುವುದಿಲ್ಲ. ಇಂಥವರ ಗಾಯ ಬೇಗ ಮಾಯುವುದೂ ಇಲ್ಲ. ಈ ಮಾತನ್ನು ಮಾತ್ರ ಯಾವ ಅಂಗಡಿಯವರೂ ಹೇಳಿ ಕಳಿಸುವುದಿಲ್ಲ.

ಉಪಾಯ ದೊಡ್ಡದೇನಲ್ಲ. ಮೇಲೆ ಚಪ್ಪರವೋ ನೆರಳಿನ ಬಲೆಯೋ ಕಟ್ಟಿಸಬೇಕು. ಅದಾಗದಿದ್ದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬರಿಗಾಲಿಗೆ ಬಂದ್. ಕೈಯ ಹಿಂಬದಿಯನ್ನು ಹುಲ್ಲಿಗೆ ಒತ್ತಿ ಐದು ಎಣಿಸುವಷ್ಟರಲ್ಲಿ ಎತ್ತಬೇಕೆನಿಸಿದರೆ ಮಗುವನ್ನು ಬಿಡಬಾರದು. ಬಿಸಿಲು ನೇರ ಬೀಳದ ಜಾಗದಲ್ಲೂ ಎದುರಿನ ದೊಡ್ಡ ಕಿಟಕಿಯ ಗಾಜಿಗೆ ಬಡಿದ ಬಿಸಿಲು ತಿರುಗಿ ಒಂದೇ ಕಡೆ ಬಿದ್ದರೆ ಎಳೆಗಳು ಕರಗಿ ಮುದುಡುತ್ತವೆ. ಗೆರೆ ಎಳೆದಂತೆ ಹುಲ್ಲು ಸುಟ್ಟಿದ್ದು ಕಂಡರೆ ಪಕ್ಕದ ಮನೆ ಹುಡುಗರನ್ನು ಬೈಯುವ ಮೊದಲು ಗಾಜಿನ ಕಡೆ ನೋಡುವುದು ಒಳಿತು.

ಚಾಪೆಯ ಅಡಿಯಲ್ಲಿ ಏನಿದೆ?

ಬಿಸಿಲುಗಾಲ ಮುಗಿದರೆ ಮಳೆಗಾಲದ ಫಜೀತಿ. ಒಳ್ಳೆಯ ಚಾಪೆಯ ತಳದಲ್ಲಿ ಸಾಲಾಗಿ ತೂತುಗಳಿರುತ್ತವೆ, ನೀರು ಇಳಿಯುತ್ತದೆ. ಇಳಿದ ನೀರು ಎಲ್ಲಿಗೆ ಹೋಗಬೇಕು? ತಾರಸಿಯ ಮೂಲೆಯ ಪೈಪಿಗೆ ತಾನೆ! ಅಂದ ಕೆಡುತ್ತದೆಂದು ಎಷ್ಟೋ ಕಡೆ ಆ ಪೈಪಿನ ಬಾಯಿಯ ಮೇಲೆಯೇ ಹುಲ್ಲು ಎಳೆದು ಅಂಟಿಸಿಬಿಡುತ್ತಾರೆ. ಧೂಳು, ಬೇವಿನ ಹೂವು, ಹೊಂಗೆ ಎಲೆ ಎಲ್ಲಾ ಅಲ್ಲಿ ಸೇರಿ ಮೆತ್ತಿಕೊಂಡು ಪೈಪು ಕಟ್ಟುತ್ತದೆ. ಮೇಲೆ ಹಸಿರು, ಅಡಿಯಲ್ಲಿ ಕೆಸರು. ಆರು ತಿಂಗಳಿಗೆ ಕೆಳಗಿನ ಕೋಣೆಯ ಸೂರಿನಲ್ಲಿ ತೇವದ ಕಲೆ. ಮನೆಯವರು ಗಾರೆಯವನನ್ನು ಬೈಯುತ್ತಾರೆ. ಪಾಪ, ಅವನ ತಪ್ಪಿರುವುದಿಲ್ಲ.

ಸೊಳ್ಳೆಯ ವಿಷಯವೂ ಇದೇ. ಡೆಂಗಿ ಹರಡುವ ಸೊಳ್ಳೆಗೆ ಕೊಚ್ಚೆ ಬೇಕಿಲ್ಲ, ನಿಂತ ತಿಳಿನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ. ಕಟ್ಟಿದ ಪೈಪಿನ ಬಾಯಲ್ಲಿ ನಿಂತ ನೀರು ಅದಕ್ಕೆ ಧಾರಾಳ.

ಹಾಸಿಸುವ ಮೊದಲು ನೆಲದ ಇಳಿಜಾರು ನೋಡಬೇಕು. ನೂರು ಅಡಿಗೆ ಒಂದಡಿಯಾದರೂ ಇರಬೇಕು. ತಾರಸಿಗೆ ವಾಟರ್ ಪ್ರೂಫಿಂಗ್ ಮೊದಲು, ಹುಲ್ಲು ಆಮೇಲೆ. ಪೈಪಿನ ಬಾಯಿಯ ಜಾಗವನ್ನು ಕತ್ತರಿಸಿ ತೆರೆದಿಟ್ಟು ಜಾಲರಿ ಕೂರಿಸಬೇಕು. ಚಾಪೆಯನ್ನು ನೆಲಕ್ಕೆ ಪೂರಾ ಅಂಟಿಸಬಾರದು. ಅಂಚಿಗಷ್ಟೇ ಅಂಟಿಸಿದರೆ ಮೇ ಕೊನೆಯಲ್ಲಿ ಒಂದು ಸಲ, ದಸರೆ ಮುಂಚೆ ಒಂದು ಸಲ ಸುರುಳಿ ಸುತ್ತಿ ಎತ್ತಿ ಕೆಳಗೆ ತೊಳೆದು ಒಣಗಿಸಲು ಬರುತ್ತದೆ.

ವಾರದ ಚಾಕರಿ ಸಣ್ಣದು. ಎಳೆಗಳು ವಾಲಿದ ದಿಕ್ಕಿಗೆ ಎದುರಾಗಿ ಗುಡಿಸಿದರೆ ಮತ್ತೆ ನೆಟ್ಟಗಾಗುತ್ತವೆ. ಬಿರುಸಾದ ನೈಲಾನ್ ಪೊರಕೆ ಸಾಕು. ತಂತಿಯ ಬ್ರಷ್ ಮಾತ್ರ ಬೇಡ. ಹದಿನೈದು ದಿನಕ್ಕೊಮ್ಮೆ ಪೈಪಿನಿಂದ ಹಗುರವಾಗಿ ನೀರು ಬಿಟ್ಟು ಧೂಳು ಇಳಿಸಬೇಕು. ಚಹಾ ಚೆಲ್ಲಿದರೆ ಸೋಪಿನ ನೀರು. ಎಣ್ಣೆ ಜಿಡ್ಡೆಂದು ಪೆಟ್ರೋಲು, ಸೀಮೆಎಣ್ಣೆ ಹಾಕಿ ಉಜ್ಜಿದರೆ ತಳದ ಅಂಟು ಬಿಡುತ್ತದೆ. ನಾಯಿ ಸಾಕಿದ ಮನೆಯಲ್ಲಿ ಉಚ್ಚೆ ಬಿದ್ದ ಕೂಡಲೇ ನೀರು, ವಾಸನೆ ಉಳಿದರೆ ನೀರಿಗೆ ವಿನೆಗರ್ ಬೆರೆಸಿ ತೊಳೆಯುವುದು. ಮಣ್ಣು ಹೀರಿಕೊಳ್ಳುತ್ತಿದ್ದುದನ್ನು ಪ್ಲಾಸ್ಟಿಕ್ ಹೀರದು. ಒಂದು ದಿನ ಬಿಟ್ಟರೆ ಎರಡನೇ ದಿನ ಬಂದ ನೆಂಟರು ಮೂಗು ಮುಚ್ಚುತ್ತಾರೆ.

ದೀಪಾವಳಿ ಬಂತೆಂದರೆ ಗಂಡಾಂತರ. ಸುರುಸುರುಬತ್ತಿಯ ಒಂದು ಕಿಡಿ ಸಾಕು, ಅಲ್ಲೊಂದು ಕಪ್ಪು ತೂತು. ಊದುಬತ್ತಿ, ಹಣತೆ, ಸಿಗರೇಟು ಯಾವುದೂ ಸಲ್ಲದು. ಸುಟ್ಟ ಭಾಗವನ್ನು ಚೌಕವಾಗಿ ಕತ್ತರಿಸಿ, ಹಾಸಿದಾಗ ಉಳಿದಿದ್ದ ತುಂಡನ್ನು ಎಳೆಗಳ ದಿಕ್ಕು ನೋಡಿ ಕೂರಿಸಿ, ಅಡಿಯಲ್ಲಿ ಟೇಪು ಹಾಕಿ ಅಂಟಿಸಬಹುದು. ಅದಕ್ಕೇ ಉಳಿದ ತುಂಡನ್ನು ಎಸೆಯಬಾರದು. ಹಾಂ, ಗಣೇಶನ ಹಬ್ಬಕ್ಕೆ ಗರಿಕೆ ಎಂದಿನಂತೆ ಮಾರ್ಕೆಟ್ಟಿನಿಂದಲೇ ತರಬೇಕು.

ಇಷ್ಟೆಲ್ಲ ಮಾಡಿದರೂ ಬಿಸಿಲು ತನ್ನ ಪಾಲು ಬಿಡುವುದಿಲ್ಲ. ಅಗ್ಗದ ಮಾಲಾದರೆ ಕೆಲವೇ ವರ್ಷಕ್ಕೆ ಬಣ್ಣ ಕಳೆದು ಎಳೆ ಪುಡಿಯಾಗತೊಡಗುತ್ತದೆ. ಆ ಪುಡಿ ತೊಳೆದ ನೀರಿನೊಡನೆ ಮೋರಿಗೆ, ಮೋರಿಯಿಂದ ಹಳ್ಳಕ್ಕೆ. ಆಟದ ಮೈದಾನಗಳ ಪ್ಲಾಸ್ಟಿಕ್ ಹುಲ್ಲಿನ ನಡುವೆ ತುಂಬುವ ರಬ್ಬರ್ ಕಾಳು ಇದೇ ದಾರಿ ಹಿಡಿಯುತ್ತದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಅದರ ಮಾರಾಟ ನಿಲ್ಲಿಸಲು ಎಂಟು ವರ್ಷದ ಗಡುವು ಹಾಕಿದೆ.

ಕೊನೆಗೆ ಹಳೇ ಚಾಪೆಯನ್ನು ಗುಜರಿಯವನ ಗಾಡಿಗೆ ಹಾಕಲು ಹೋದರೆ ಆತ ಎಳೆ ಒಂದು ಸಲ ಎಳೆದು, ತಳ ಒಂದು ಸಲ ತಿರುವಿ ನೋಡುತ್ತಾನೆ. ಎಳೆಯ ಪ್ಲಾಸ್ಟಿಕ್ ಬೇರೆ, ತಳದ ಬಟ್ಟೆ ಬೇರೆ, ಅದಕ್ಕೆ ಬಳಿದ ಅಂಟು ಬೇರೆ. ಬಿಡಿಸಲು ಬಾರದು.

"ಇದು ತೂಕಕ್ಕೆ ಬರಲ್ಲ ಯಜಮಾನ್ರೆ. ಹಳೇ ಪೇಪರ್ ಇದ್ರೆ ಕೊಡ್ರಿ."